ಎಷ್ಟು ಲೋಡ್?

ತೊಗರಿ ಹಂಗಾಮಿನಲ್ಲಿ ಕಲಬುರಗಿಯ ಕಾಳಿನ ಮಾರುಕಟ್ಟೆ ನೆಹರು ಗಂಜ್‌ಗೆ ಹೋದರೆ ‘ಲೋಡ್’ ಎಂಬ ಮಾತು ಕಿವಿಗೆ ಬೀಳದೆ ನಾಲ್ಕು ಹೆಜ್ಜೆ ಇಡುವುದು ಕಷ್ಟ. ಲೋಡ್ ಬಂದದ, ಲೋಡ್ ಹೊಂಟದ, ಲೋಡ್ ಇಳಸ್ರಿ. ಹಮಾಲರಿಗೆ ಅದು ಬೆನ್ನ ಮೇಲಿನ ಚೀಲ, ಅಡತಿಯವರಿಗೆ ರೊಕ್ಕ, ಡ್ರೈವರನಿಗೆ ಟೈರಿನ ಚಿಂತೆ. ಇಂಗ್ಲಿಷಿನ ಹಳೆಯ ರೂಪದಲ್ಲಿ ಈ ಶಬ್ದಕ್ಕೆ ದಾರಿ, ಪಯಣ ಎಂಬ ಅರ್ಥವೂ ಇತ್ತು. ನಮ್ಮ ಕಡೆ ಬರುವಾಗ ಹೊರೆಯಷ್ಟೇ ಬಂತು, ದಾರಿ ಅಲ್ಲೇ ಉಳಿಯಿತು.

ಲೋಡ್ ಎಂದರೆ ಕೇಳಲು ಅಳತೆಯಂತಿದೆ, ಆದರೆ ಅಳತೆ ಅಲ್ಲ. ಗಂಜಿನಲ್ಲಿ ಇದರಿಂದ ಕೇಡಿಲ್ಲ, ಗಾಡಿ ತೂಗುವ ಕಾಟಾ ಇದೆ. ತುಂಬಿದ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಮಾಲು. ಗಾಡಿಯ ಎಲ್ಲ ಗಾಲಿಗಳೂ ಕಾಟಾದ ಮೇಲೆ ಇರಬೇಕು. ಡ್ರೈವರ್ ಎರಡು ಸಲವೂ ಕೂತಿರಬೇಕು, ಇಲ್ಲವೇ ಎರಡು ಸಲವೂ ಇಳಿದಿರಬೇಕು. ತುಂಬಿದಾಗ ಇಳಿದು ಖಾಲಿ ತೂಗುವಾಗ ಹತ್ತಿ ಕೂತರೆ ಅವನ ತೂಕದಷ್ಟು ತೊಗರಿ ಚೀಟಿಯಲ್ಲೇ ಮಾಯ.

ಮೋಸ ಹೋಗುವುದು ಉಸುಕಿನಲ್ಲಿ. ‘ಒಂದು ಲೋಡ್ ಉಸುಕಿಗೆ ಎಷ್ಟು?’ ಎಂದು ಕೇಳುವವರು ಟ್ರಾಲಿಗೆ ಟೇಪು ಹಿಡಿಯುವುದಿಲ್ಲ. 10 ಅಡಿ ಉದ್ದ, 6 ಅಡಿ ಅಗಲದ ಟ್ರಾಲಿಯಲ್ಲಿ 20 ಇಂಚು ಎತ್ತರ ತುಂಬಿದರೆ 100 ಘನ ಅಡಿ, ಅಂದರೆ ಒಂದು ಬ್ರಾಸ್. 16 ಇಂಚಿಗೆ ನಿಲ್ಲಿಸಿದರೆ 80 ಘನ ಅಡಿ. ಎರಡಕ್ಕೂ ಹೆಸರು ಲೋಡೇ. ಇದರ ಮೇಲೆ ತೇವದ ಆಟ ಬೇರೆ. ಸ್ವಲ್ಪ ಹಸಿ ಇರುವ ಉಸುಕಿನ ಕಣಗಳ ಸುತ್ತ ನೀರಿನ ಪೊರೆ ನಿಂತು ಅವನ್ನು ದೂರ ಸರಿಸುತ್ತದೆ; ಉಸುಕು ನಾಲ್ಕನೇ ಒಂದು ಪಾಲಿನಷ್ಟು ಉಬ್ಬಬಹುದು. ಪರೀಕ್ಷೆ ಸುಲಭ. ಗಾಜಿನ ಲೋಟದ ತುಂಬ ಆ ಉಸುಕು ಸಡಿಲವಾಗಿ ಹಾಕಿ, ಮುಳುಗುವಷ್ಟು ನೀರು ಹೊಯ್ದು ಕಡ್ಡಿಯಿಂದ ಕಲಕಿ ಬಿಡಿ. ಕೆಳಗೆ ಕುಸಿದಷ್ಟೂ ನೀವು ಗಾಳಿಗೆ ಕೊಟ್ಟ ರೊಕ್ಕ.

ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಕಲ್ಲು ಇಷ್ಟು ಕಪಟಿ ಅಲ್ಲ. ಒಂದಿಂಚು ದಪ್ಪದ ಫರ್ಸಿ ಚದರ ಅಡಿಗೆ ಸುಮಾರು 6 ಕಿಲೋ, ಲೆಕ್ಕ ಮುಗಿಯಿತು. ಆದರೆ ಅದನ್ನು ಗಾಡಿಯಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಆನಿಸಿ ಒಯ್ಯಬೇಕು. ಮಲಗಿಸಿ ಪೇರಿಸಿದರೆ ತಗ್ಗಿನಲ್ಲಿ ಗಾಲಿ ಬಿದ್ದ ಹೊಡೆತಕ್ಕೆ ಕೆಳಗಿನವು ಮಧ್ಯಕ್ಕೇ ಸೀಳುತ್ತವೆ.

ಹೊಲಕ್ಕೆ ಹೋದರೆ ಲೋಡ್ ಕಣ್ಣಿಗೇ ಕಾಣುವುದಿಲ್ಲ, ಅದು ಕರೆಂಟಿನ ಲೋಡ್. 5 ಎಚ್‌ಪಿ ಮೋಟರು ಎಂದರೆ 3.73 ಕಿಲೋವಾಟ್, ಒಳಗಿನ ನಷ್ಟವೂ ಸೇರಿ ಲೈನಿನಿಂದ ಎಳೆಯುವುದು 5 ಕಿಲೋವಾಟಿನ ಹತ್ತಿರ. 25 ಕೆವಿಎ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಇಂಥ ನಾಲ್ಕನ್ನು ಹೊರುತ್ತದೆ. ಏಳೆಂಟು ಕಟ್ಟಿದರೆ ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜ್ ಇಳಿದಾಗ ಮೋಟರು ಸುಮ್ಮನಾಗುವುದಿಲ್ಲ, ಅದೇ ನೀರೆತ್ತಲು ಹೆಚ್ಚು ಆಂಪಿಯರ್ ಎಳೆಯುತ್ತದೆ. ವೈಂಡಿಂಗ್ ಕಾದು ಸುಡುತ್ತದೆ. ಆಟೋ ಸ್ಟಾರ್ಟರ್ ಬಂದ ಮೇಲಂತೂ ತ್ರೀ ಫೇಸ್ ಬಂದ ಕ್ಷಣವೇ ಎಲ್ಲ ಮೋಟರುಗಳೂ ಒಟ್ಟಿಗೆ ಏಳುತ್ತವೆ, ಏಳುವಾಗಿನ ಕರೆಂಟು ಓಡುವಾಗಿನದರ ಐದಾರು ಪಟ್ಟು. ಒಂದು ಟಿಸಿಯ ರೈತರು ಮಾತಾಡಿಕೊಂಡು ಟೈಮರನ್ನು ಒಬ್ಬರು 10 ಸೆಕೆಂಡಿಗೆ, ಇನ್ನೊಬ್ಬರು 20ಕ್ಕೆ, ಮತ್ತೊಬ್ಬರು 30ಕ್ಕೆ ಇಟ್ಟರೆ ಅರ್ಧ ತಾಪತ್ರಯ ತಪ್ಪುತ್ತದೆ. ಮಾತಾಡಿಕೊಳ್ಳುವುದೇ ಕಷ್ಟ ಅನ್ನಿ.

ಮನೆಯಲ್ಲಿ ಗೋಡೆ ತೆಗೆದು ಹಾಲ್ ದೊಡ್ಡದು ಮಾಡುವ ಹುಮ್ಮಸ್ಸಿನವರಿಗೆ ಗವಂಡಿ ‘ಇದು ಲೋಡ್ ಗ್ವಾಡಿ ಅದರಿ’ ಎಂದರೆ ನಿಲ್ಲಬೇಕು. ತೊಲೆಗಳ ತುದಿ ಯಾವುದರ ಮೇಲೆ ಕೂತಿದೆಯೋ ಅದು ಹೊರುವ ಗೋಡೆ. ತೊಲೆಯ ಉದ್ದಕ್ಕೇ ಓಡುವುದು ಸಾಮಾನ್ಯವಾಗಿ ಬರೀ ಮರೆ. ಮೊಬೈಲಿನ ಲೋಡ್, ತಲೆಯ ಲೋಡ್ ಬಗ್ಗೆ ಹೇಳುವುದೇನಿಲ್ಲ, ಎರಡೂ ಗುಂಡಗೆ ತಿರುಗುತ್ತಿರುತ್ತವೆ.

ಇಷ್ಟರ ನಡುವೆ ಇಂಗ್ಲಿಷಿಗೆ ಸಂಬಂಧವೇ ಇಲ್ಲದ ಒಂದು ಲೋಡು ನಮ್ಮಲ್ಲಿ ಮೊದಲಿಂದ ಒರಗಿಕೊಂಡಿದೆ: ಗಾದಿ ಮೇಲಿನ ಉದ್ದ ದಿಂಬು. ಮರಾಠಿಯವರೂ ಅದಕ್ಕೆ ಲೋಡ ಎನ್ನುತ್ತಾರೆ. ಮೂರಡಿಯ ಲೋಡಿಗೆ ನಾಲ್ಕು ಕಿಲೋದಷ್ಟು ಪಿಂಜಿದ ಅರಳೆ ಬೇಕು, ಮಧ್ಯದಲ್ಲಿ ಬಿಗಿಯಾಗಿ ತುರುಕಬೇಕು. ಸಡಿಲ ಬಿಟ್ಟರೆ ಬೀಗರು ಒರಗಿದ ಕೂಡಲೇ ಎರಡು ತುದಿ ಮೇಲೆದ್ದು ನಡು ಕುಸಿಯುತ್ತದೆ. ಮದುವೆಗೆ ಬಾಡಿಗೆಗೆ ತರಿಸುವವರು ಫೋನಿನಲ್ಲಿ ‘ನಾಲ್ಕು ಲೋಡ್ ಕಳಸ್ರಿ’ ಎಂದಷ್ಟೇ ಹೇಳಬಾರದು, ‘ಗಾದಿ-ಲೋಡು’ ಎಂದು ಬಿಡಿಸಿ ಹೇಳಬೇಕು. ಸಣ್ಣ ಊರಲ್ಲಿ ಟೆಂಟ್ ಹೌಸಿನವರದ್ದೇ ಟ್ರ್ಯಾಕ್ಟರ್ ಇದ್ದರೆ ಹಂದರದ ಮುಂದೆ ಉಸುಕು ಬಿದ್ದೀತು.