ದನಲಾಭ, ಧನಲಾಭ ಮತ್ತು ಮನೆಯ ಎರಡು ಸಣ್ಣ ಟ್ಯಾಬ್ಲೆಟ್

ಯುಗಾದಿ ಆದ ವಾರ. ಅಮ್ಮ ಬಾಗಿಲ ಬೆಳಕಿಗೆ ಕುರ್ಚಿ ಎಳ್ಕೊಂಡು ಕೂತು, ಯಾರೋ ವಾಟ್ಸಾಪಿಗೆ ಕಳಿಸಿದ್ದ ಪಂಚಾಂಗದ ಪಿಡಿಎಫ್‌ನಿಂದ ಮನೆಯವರ ವರ್ಷಫಲ ಓದಿ ಹೇಳ್ತಿದ್ಲು. ನನ್ನ ರಾಶಿ ಬಂತು.

"ನಿಂಗೆ ಶ್ರಾವಣ ಕಳೆದ ಮೇಲೆ ದನಲಾಭ ಅಂತೆ ಕಣೋ."

ನಾನು ಶೂ ಹಾಕ್ಕೋತಿದ್ದೆ, ರೈಲಿಗೆ ಹೊತ್ತಾಗಿತ್ತು. ಅವಳೇ ಮುಂದುವರಿಸಿದ್ಲು: "ಇದ್ದ ಎರಡು ಹಸು ಮಾರಿ ಹತ್ತು ವರ್ಷ ಆಯ್ತು. ಈಗ ಬಂದ್ರೆ ಕಟ್ಟೋದೆಲ್ಲಿ, ನಿನ್ನ ಸ್ಕೂಟರ್ ಪಕ್ಕದಲ್ಲಾ?"

ಅವಳ ಕೈಲಿದ್ದ ಆಂಡ್ರಾಯ್ಡ್ ಟ್ಯಾಬ್ ಇಸ್ಕೊಂಡು ನೋಡಿದೆ. ಅದು ಧನಲಾಭ. ಅಮ್ಮನ ತಪ್ಪೇನೂ ಇರಲಿಲ್ಲ. 'ಧ'ದ ಹೊಟ್ಟೆ ಸೀಳೋ ಗೆರೆ ಆ ಪರದೆ ಮೇಲೆ ಮೂಡೇ ಇರಲಿಲ್ಲ, ಆ ಜಾಗದಲ್ಲಿ ಒಂಚೂರು ಬೂದು ಮಸಿ ಇತ್ತು ಅಷ್ಟೆ. ಎರಡು ಬೆರಳಲ್ಲಿ ಹಿಗ್ಗಿಸಿದಾಗ ಸೀಳು ಕಾಣಿಸ್ತು. ಅವತ್ತು ರೈಲು ಕ್ಯಾತ್ಸಂದ್ರ ದಾಟೋ ಹೊತ್ತಿಗೆ, ಸಣ್ಣ ಟ್ಯಾಬ್ಲೆಟ್ ಬಗ್ಗೆ ನಾನು ವರ್ಷದಿಂದ ಕಂಡಕಂಡೋರಿಗೆ ಕೊಡ್ತಿದ್ದ ಉಪದೇಶ ಅರ್ಧ ತಪ್ಪು ಅನ್ನಿಸೋಕೆ ಶುರುವಾಯ್ತು.

ಉಪದೇಶ ಏನಪ್ಪಾ ಅಂದ್ರೆ: "ಐಪ್ಯಾಡ್ ಮಿನಿಗೆಲ್ಲ ದುಡ್ಡು ಸುರೀಬೇಡ ಮಾರಾಯ. ಹತ್ತು ಹನ್ನೆರಡು ಸಾವಿರಕ್ಕೆ ಒಂದು ಆಂಡ್ರಾಯ್ಡ್ ತಗೋ, ಮನೆಗೆಲ್ಲ ಆಗುತ್ತೆ." ನಮ್ಮ ಮನೇಲಿ ಎರಡೂ ಇವೆ, ಹಾಗಾಗಿ ನನಗೆ ಈ ಮಾತಾಡೋ ಅಧಿಕಾರ ಇದೆ ಅಂದ್ಕೊಂಡಿದ್ದೆ. ಆಂಡ್ರಾಯ್ಡನ್ನು ಬಿಎಚ್ ರಸ್ತೆಯ ಅಂಗಡಿಯಲ್ಲಿ ಹೊಸದಾಗಿ ತಗೊಂಡಿದ್ದು. ಎಂಟಿಂಚು ಚಿಲ್ಲರೆ ಪರದೆ, ಸಿಮ್ ಹಾಕ್ಬಹುದು. ಕಂಪನಿ ಹೆಸರು ಬೇಡ, ಆ ಬೆಲೆಯಲ್ಲಿ ಹೆಚ್ಚುಕಮ್ಮಿ ಎಲ್ಲ ಒಂದೇ ಅಚ್ಚು. ಐಪ್ಯಾಡ್ ಮಿನಿ ನಮ್ಮ ಭಾವಮೈದನದ್ದು, 2021ರ ಮಾದರಿ, 8.3 ಇಂಚು. ಅವನು ಹೊಸದು ತಗೊಂಡಾಗ ಹಳೇದನ್ನ ಮನೆ ರೇಟಿಗೆ ನಂಗೆ ದಾಟಿಸಿದ. ಹೊಸದರ ಬೆಲೆ ಕೇಳಿದ್ರೆ ನಾನು ಆ ಕಡೆ ತಿರುಗಿಯೂ ನೋಡ್ತಿರಲಿಲ್ಲ: 2024ರ ಅಕ್ಟೋಬರ್‌ನಲ್ಲಿ ಬಿಟ್ಟಾಗ 49,900 ರೂಪಾಯಿ, ಅದೂ ಸಿಮ್ ಇಲ್ಲದ 128 ಜಿಬಿಯದ್ದಕ್ಕೆ.

ಇಷ್ಟಕ್ಕೂ ಸಣ್ಣದೇ ಯಾಕೆ ಅಂತ ಕೇಳೋರು ದಿನಾ ತುಮಕೂರು–ಯಶವಂತಪುರ ಓಡಾಡದೇ ಇರೋರು. ಸೀಟು ಸಿಕ್ಕರೆ ಹತ್ತಿಂಚಿನದ್ದೂ ನಡೆಯುತ್ತೆ, ತೊಡೆ ಮೇಲೆ ಮಡಗಿಕೊಂಡ್ರೆ ಆಯ್ತು. ನಿಂತ್ರೆ? ಒಂದು ಕೈ ಮೇಲಿನ ಕಂಬಿಗೆ ಹೋಯ್ತು. ಉಳಿದ ಒಂದೇ ಕೈಯಲ್ಲಿ ಅರ್ಧ ಕೆಜಿ ಹಿಡ್ಕೊಂಡು ನಿಂತ್ರೆ ಡಾಬಸ್‌ಪೇಟೆ ಬರೋಷ್ಟರಲ್ಲಿ ಮಣಿಕಟ್ಟು ಸೋತುಹೋಗುತ್ತೆ. ಮಿನಿ 293 ಗ್ರಾಂ, ನಮ್ಮ ಆಂಡ್ರಾಯ್ಡ್ 330ರ ಆಸುಪಾಸು. ಎರಡೂ ಅಂಗೈಯಲ್ಲಿ ಕೂರುತ್ತವೆ, ಸೋಲದೇವನಹಳ್ಳಿವರೆಗೂ ದೂರಿಲ್ಲ. ಫೋನಲ್ಲೇ ಓದಬಾರದಾ ಅಂತೀರಿ. ಫೋನಲ್ಲಿ ಪಿಡಿಎಫ್ ಓದೋದು ಕಿಟಕಿ ಸಂದಿಯಿಂದ ಮೆರವಣಿಗೆ ನೋಡಿದ ಹಾಗೆ.

ತಮಾಷೆ ಅಂದ್ರೆ, ಈ ಸಣ್ಣ ಅಳತೆಯನ್ನ ಆಪಲ್‌ನವರೇ ಮೊದಲು ಹಂಗಿಸಿದ್ದು. 2010ರ ಅಕ್ಟೋಬರ್‌ನಲ್ಲಿ ಸ್ಟೀವ್ ಜಾಬ್ಸ್, ಏಳಿಂಚಿನ ಟ್ಯಾಬ್ಲೆಟ್ ಮಾರೋರು ಬೆರಳು ಉಜ್ಜಿ ಸಣ್ಣ ಮಾಡ್ಕೊಳ್ಳೋಕೆ ಉಪ್ಪುಕಾಗದಾನೂ ಜೊತೆಗೆ ಕೊಡಬೇಕಾಗುತ್ತೆ ಅನ್ನೋ ಅರ್ಥದಲ್ಲಿ ಗೇಲಿ ಮಾಡಿದ್ರು. 2012ರ ಜೂನ್‌ನಲ್ಲಿ ಗೂಗಲ್‌ನವರು 199 ಡಾಲರ್‌ಗೆ ನೆಕ್ಸಸ್ 7 ಅನ್ನೋ ಏಳಿಂಚಿನ ಆಂಡ್ರಾಯ್ಡ್ ತಂದ್ರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಪಲ್ಲೇ 7.9 ಇಂಚಿನ ಐಪ್ಯಾಡ್ ಮಿನಿ ಘೋಷಿಸ್ತು. ಅಷ್ಟೊತ್ತಿಗೆ ಜಾಬ್ಸ್ ತೀರಿಕೊಂಡು ಒಂದು ವರ್ಷ ಆಗಿತ್ತು.

ಮೂರನೇ ಪಂಗಡಾನೂ ಒಂದಿತ್ತು, ಈಗ ಯಾರಿಗೂ ನೆನಪಿಲ್ಲ. ಮೈಕ್ರೋಸಾಫ್ಟ್ 2014ರಲ್ಲಿ ಒಂಬತ್ತಿಂಚಿಗಿಂತ ಚಿಕ್ಕ ಪರದೆಗಳಿಗೆ ವಿಂಡೋಸ್ ಪುಕ್ಕಟೆ ಅಂದುಬಿಡ್ತು. ಅಗ್ಗದ ವಿಂಡೋಸ್ ಟ್ಯಾಬ್ಲೆಟ್‌ಗಳು ಅಣಬೆ ಎದ್ದ ಹಾಗೆ ಎದ್ದವು. ಗುಬ್ಬಿಯಲ್ಲಿ ಅಡಿಕೆ ಮಂಡಿ ಇಟ್ಟಿರೋ ನಮ್ಮ ಮಾವ ಒಂದು ತಗೊಂಡ್ರು. ಮಂಡಿಯ ಲೆಕ್ಕದ ಸಾಫ್ಟ್‌ವೇರ್ ಇದ್ದದ್ದು ವಿಂಡೋಸ್‌ಗೆ ತಾನೇ, ಜೇಬಲ್ಲೇ ಗಲ್ಲಾಪೆಟ್ಟಿಗೆ ಇಟ್ಕೊಂಡು ಓಡಾಡಬಹುದು ಅಂತ ಅವರ ಲೆಕ್ಕಾಚಾರ. ಸಾಫ್ಟ್‌ವೇರ್ ತೆರೀತು, ಸುಳ್ಳಲ್ಲ. ಆದ್ರೆ ಮುಚ್ಚೋ ಇಂಟು ಗುರುತು ಎಳ್ಳುಕಾಳಿನಷ್ಟಿತ್ತು, ಮಾವನ ಬೆರಳು ಅಡಿಕೆ ಸುಲಿದು ಬೆಳೆದ ಬೆರಳು. ಮೌಸ್ ತಂದ್ರು. ಇದ್ದದ್ದು ಒಂದೇ ತೂತು: ಮೌಸ್ ಚುಚ್ಚಿದ್ರೆ ಚಾರ್ಜರಿಗೆ ಜಾಗ ಇಲ್ಲ, ಚಾರ್ಜರ್ ಚುಚ್ಚಿದ್ರೆ ಮೌಸಿಗೆ ಇಲ್ಲ. ಆರು ತಿಂಗಳಾದ ಮೇಲೆ ಅದು ಬಿಲ್ ಪುಸ್ತಕ ಹಾರದ ಹಾಗೆ ಅದರ ಮೇಲೆ ಕೂತಿತ್ತು.

ಸರಿ, ಉಳಿದದ್ದು ಎರಡು. ಆಂಡ್ರಾಯ್ಡ್ ಪರವಾಗಿ ನಾನು ಹೇಳ್ತಿದ್ದ ಮಾತುಗಳನ್ನ ಈಗಲೂ ವಾಪಸ್ ತಗೊಳ್ಳಲ್ಲ. ನಮ್ಮಂಥ ಮನೇಲಿ ಟ್ಯಾಬ್ಲೆಟ್ ಯಾರೊಬ್ಬರ ಸ್ವತ್ತೂ ಅಲ್ಲ. ಹಿಂದೆ ರೇಡಿಯೋ ಇತ್ತಲ್ಲ, ಹಾಗೆ. ಬೆಳಿಗ್ಗೆ ನಂದು, ಸಂಜೆ ಮಗಳ ಎಂಟನೇ ಕ್ಲಾಸಿನ ಗಣಿತದ ವೀಡಿಯೋ, ಅದು ಮುಗಿಯೋಕೆ ಮುಂಚೆನೇ ಮೂರನೇ ಕ್ಲಾಸಿನವನ ಕಿತ್ತಾಟ, ರಾತ್ರಿ ನಮ್ಮ ಮನೆಯವಳ ಧಾರಾವಾಹಿ. ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ 2012ರಿಂದಲೇ, ಅಂದ್ರೆ 4.2ನೇ ಆವೃತ್ತಿಯಿಂದ, ಒಬ್ಬೊಬ್ಬರಿಗೂ ಬೇರೆ ಖಾತೆ ಮಾಡಿಕೊಡಬಹುದು. ಮಗನ ಖಾತೆಯಲ್ಲಿ ನನ್ನ ಆಫೀಸಿನ ಮೇಲ್ ಇರಲ್ಲ, ನನ್ನ ಖಾತೆಯಲ್ಲಿ ಅವನ ಕಾರು ರೇಸ್ ಇರಲ್ಲ. ಐಪ್ಯಾಡಲ್ಲಿ ಆ ಸೌಲಭ್ಯ ಶಾಲೆ, ಕಂಪನಿಗಳಿಗೆ ಉಂಟು, ಮನೆಗೆ ಇಲ್ಲ. ಮನೇಲಿ ನಾಲ್ಕು ಜನ ಇದ್ದರೆ ನಾಲ್ಕು ತಗೊಳ್ಳಿ ಅನ್ನೋ ಹಾಗಿದೆ ಅವರ ಧೋರಣೆ. ಇನ್ನು ಮೆಮೊರಿ ಕಾರ್ಡ್ ಹಾಕೋ ಜಾಗ, ವೈರಿನ ಇಯರ್‌ಫೋನ್ ತೂತು: ಅಗ್ಗದ ಆಂಡ್ರಾಯ್ಡ್‌ನಲ್ಲಿ ಎರಡೂ ಇವೆ, ನನ್ನ ಮಿನಿಯಲ್ಲಿ ಎರಡೂ ಇಲ್ಲ.

ಅಷ್ಟೇ ಅಲ್ಲ. ಐಪ್ಯಾಡ್‌ಗೆ ಅಂತಲೇ ವಾಟ್ಸಾಪ್ ಬಂದದ್ದು 2025ರ ಮೇ ತಿಂಗಳಲ್ಲಿ, ಮೊದಲ ಐಪ್ಯಾಡ್ ಮಾರುಕಟ್ಟೆಗೆ ಬಂದು 15 ವರ್ಷ ಆದ ಮೇಲೆ. ಕ್ಯಾಲ್ಕುಲೇಟರ್ ಬಂದದ್ದು 2024ರಲ್ಲಿ. ನಮ್ಮೂರ ಸಂತೇಲಿ ಸೊಪ್ಪು ಮಾರೋ ಅಜ್ಜಿ ಹತ್ರ ಇರೋ ಕ್ಯಾಲ್ಕುಲೇಟರ್ ಇವರ ಹತ್ರ ಇರಲಿಲ್ಲ!

ತೋಟದ ಕತೆ ಇನ್ನೊಂದು. ಪಕ್ಕದ ಜಮೀನಿನವರು ಬೇಲಿ ಹಾಕಿಸ್ತಿದ್ದಾರೆ ಅಂತ ದೊಡ್ಡಪ್ಪನ ಮಗ ಫೋನ್ ಮಾಡಿದಾಗ ಮಿನಿ ಹಿಡ್ಕೊಂಡು ಹೋದೆ, ಫೋನಿನ ಹಾಟ್‌ಸ್ಪಾಟ್ ಕೊಟ್ಟು ನಕ್ಷೆ ತೆಗೆದೆ. ವೈಫೈ ಮಾತ್ರ ಇರೋ ಐಪ್ಯಾಡ್‌ನಲ್ಲಿ ಜಿಪಿಎಸ್ ಚಿಪ್ಪೇ ಇರಲ್ಲ ಅನ್ನೋದು ಅಲ್ಲಿ ನಿಂತ ಮೇಲೆ ಗೊತ್ತಾಯ್ತು. ನೀಲಿ ಚುಕ್ಕಿ ಸುತ್ತ ಅರ್ಧ ಊರನ್ನ ನುಂಗೋ ವೃತ್ತ. "ನಾವೀಗ ಕೆರೆ ಒಳಗಿದೀವಾ?" ಅಂತ ಅಣ್ಣ ಕೇಳಿದ. ಮುಂದಿನ ಭಾನುವಾರ ಆಂಡ್ರಾಯ್ಡ್ ಒಯ್ದೆ. ದಿಶಾಂಕ್ ಆಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸ್ತು. ಬೇಲಿ ಜಗಳ ಅದರಿಂದ ಬಗೆಹರಿಯಲಿಲ್ಲ, ಅದು ಬೇರೆ ಮಾತು.

ಇಷ್ಟೆಲ್ಲ ಆಂಡ್ರಾಯ್ಡ್ ಕಡೆ ತೂಗ್ತಿದ್ದಾಗ ಬಂತು ನೋಡಿ ಈ ದನಲಾಭ.

ಆವತ್ತು ರಾತ್ರಿ ಅದೇ ಪಂಚಾಂಗದ ಪುಟವನ್ನ ಎರಡರಲ್ಲೂ ತೆಗೆದು ಅಕ್ಕಪಕ್ಕ ಮಡಗಿದೆ. ಹಿಗ್ಗಿಸದೆ, ಇಡೀ ಪುಟ ಪರದೆಗೆ ಹೊಂದೋ ಹಾಗೆ. ಎರಡರಲ್ಲೂ ಪುಟದ ಅಗಲ ಬಹುತೇಕ ಒಂದೇ. ಆದ್ರೆ ಆಂಡ್ರಾಯ್ಡ್‌ನ ಪರದೆಯ ಅಗಲಕ್ಕೆ ಇರೋದು 800 ಪಿಕ್ಸೆಲ್, ಅಂದ್ರೆ ಚಿತ್ರ ಮೂಡಿಸೋ ಚುಕ್ಕಿ; ಮಿನಿಯದ್ದಕ್ಕೆ 1488. ಎ4 ಹಾಳೆಯ ಅಗಲ 8.27 ಇಂಚು. ಆ ಹಾಳೆ ಮೇಲೆ 12 ಪಾಯಿಂಟಿನ, ಅಂದ್ರೆ ಇಂಚಿನ ಆರನೇ ಒಂದು ಭಾಗದಷ್ಟು ಎತ್ತರದ, ಅಕ್ಷರ ಇದ್ರೆ, ಭಾಗಿಸಿ ನೋಡಿ, ಆಂಡ್ರಾಯ್ಡ್‌ನಲ್ಲಿ ಆ ಸಾಲಿನ ಎತ್ತರಕ್ಕೆ ಸಿಗೋದು 16 ಚುಕ್ಕಿ. ಮಿನಿಯಲ್ಲಿ 30.

ಇಂಗ್ಲಿಷಿಗೆ 16 ಚುಕ್ಕಿ ಧಾರಾಳ. ಅಕ್ಷರಗಳೆಲ್ಲ ಒಂದೇ ಗೆರೆ ಮೇಲೆ ಸಾಲಾಗಿ ನಿಂತಿರ್ತವೆ. ನಮ್ಮದು ಹಾಗಲ್ಲ, ಮೂರು ಅಂತಸ್ತಿನ ಮನೆ. ಮೇಲೆ ತಲೆಕಟ್ಟು, ಗುಡಿಸು. ನಡುವೆ ಅಕ್ಷರ. ಕೆಳಗೆ ಒತ್ತು. 'ರಾಷ್ಟ್ರ' ಅಂತ ಬರೆದ್ರೆ ಷಕ್ಕೆ ಟ ಒತ್ತು, ಅದರ ಜೊತೆಗೆ ರ ಒತ್ತು. ಇಷ್ಟೂ ಆ ಹದಿನಾರು ಚುಕ್ಕಿಯಲ್ಲೇ ಸಂಸಾರ ಮಾಡಬೇಕು. ಒತ್ತಿನ ಪಾಲಿಗೆ ನಾಲ್ಕೋ ಐದೋ ಚುಕ್ಕಿ ಬರುತ್ತೆ. ನಾಲ್ಕು ಚುಕ್ಕಿಯಲ್ಲಿ ತ ಒತ್ತು ಯಾವುದು, ನ ಒತ್ತು ಯಾವುದು? ದ, ಧ, ಥಗಳ ನಡುವೆ ಇರೋದು ಒಂದು ಸೀಳು, ಒಂದು ಬೊಟ್ಟು. ಬ-ಭ, ಪ-ಫ ಕೂಡ ಅದೇ ಪಾಡು. ಮಿನಿ ಮೇಲೆ ಸೀಳು ಸೀಳಾಗಿಯೇ ಇತ್ತು, ಬೊಟ್ಟು ಬೊಟ್ಟಾಗಿ. ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಸರಿಮಾಡ್ಕೊಂಡು, "ಓ, ಧನ!" ಅಂದ್ಲು. ಆಮೇಲೆ ವಾಪಸ್ ಕೊಡಲೇ ಇಲ್ಲ.

ಹಿಗ್ಗಿಸಿ ಓದಬಹುದಲ್ಲ ಅಂತ ನಾನೂ ಹೇಳಿದ್ದೆ. "ಹಿಗ್ಗಿಸಿದ್ರೆ ಸಾಲಿನ ತುದಿ ಆಚೆ ಹೋಗುತ್ತೆ, ಪ್ರತಿ ಸಾಲಿಗೂ ಎಳೆದು ತಿರುಗಿಸಬೇಕು. ಹೊಲ ಉತ್ತಂಗೆ ಆಯ್ತದೆ" ಅಂದ್ಲು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಒಂದು ಮಾತು, ಇದು ಆಂಡ್ರಾಯ್ಡ್‌ನ ತಪ್ಪಲ್ಲ. 2013ರ ನೆಕ್ಸಸ್ 7ರಲ್ಲಿ ಏಳಿಂಚಿಗೇ 1920×1200 ಚುಕ್ಕಿ ಇದ್ವು. ಅಂದ್ರೆ ಒತ್ತಕ್ಷರದ ಮಟ್ಟಿಗೆ ಅಗ್ಗದ ಟ್ಯಾಬ್ಲೆಟ್‌ಗಳು ಅಲ್ಲಿಂದ ಹಿಂದಕ್ಕೆ ನಡೆದಿವೆ. ವೀಡಿಯೋ ನೋಡೋಕೆ 800 ಸಾಕು, ನಿಜ. ಅಕ್ಷರವನ್ನ ಆಪ್ ತಾನೇ ದಪ್ಪ ಮಾಡಿ ಸಾಲು ಮುರಿದು ತೋರಿಸೋ ಕಡೆ, ಅಂದ್ರೆ ಫೇಸ್‌ಬುಕ್, ಸುದ್ದಿ ಆಪ್, ಇ-ಪುಸ್ತಕಗಳಲ್ಲೂ ಏನೂ ತೊಂದರೆ ಇಲ್ಲ. ಆದ್ರೆ ಕನ್ನಡದಲ್ಲಿ ಹಳೇ ಪುಸ್ತಕ, ಸರ್ಕಾರಿ ಆದೇಶ, ಮಗಳ ಪ್ರಶ್ನೆಪತ್ರಿಕೆ, ಎಲ್ಲ ಬರೋದು ಪುಟದ ಪಡಿಯಚ್ಚಾಗಿ. ಇಂಗ್ಲಿಷ್ ವಿಮರ್ಶೆಗಳನ್ನ ಓದಿ 'ಪರದೆ ಪರವಾಗಿಲ್ಲವಂತೆ' ಅಂತ ನಂಬಿದ್ದು ನನ್ನ ದಡ್ಡತನ. ಅವರು ನೋಡಿದ್ದು ಅವರ ಅಕ್ಷರವನ್ನ.

ಹೀಗಾಗಿ ಮನೇಲಿ ಎಲ್ಲ ಅದಲುಬದಲು. ರೈಲಲ್ಲಿ ಹಿಡ್ಕೊಂಡು ನಾಲ್ಕು ಜನರ ಮುಂದೆ ಮಿಂಚಬೇಕು ಅಂತ ತಗೊಂಡ ಮಿನಿ ಎಪ್ಪತ್ತೆರಡರ ಅಮ್ಮನ ಪಾಲಾಯ್ತು. ಒಬ್ಬರಿಗೇ ಅಂತ ಮಾಡಿದ ವಸ್ತು ಒಬ್ಬಳಿಗೇ ಸೇರ್ತು. ಅವಳ ಬೆರಳು ಅಂಚಿಗೆ ತಾಗಿ ಪುಟ ಮಾಯ ಆಗ್ತಿತ್ತು. ಗೈಡೆಡ್ ಆಕ್ಸೆಸ್ ಹಾಕಿಕೊಟ್ಟೆ, ಮೇಲಿನ ಗುಂಡಿ ಮೂರು ಸಲ ಒತ್ತಿದ್ರೆ ಆ ಆಪ್‌ನಿಂದ ಆಚೆ ಹೋಗೋಕೇ ಬಿಡಲ್ಲ. ಬಾಳಿಕೆ ಬಗ್ಗೆ ಚಿಂತೆ ಇಲ್ಲ. 2013ರ ಮಿನಿ 2ಕ್ಕೆ ಆಪಲ್ 2023ರ ಜನವರಿಯಲ್ಲೂ ಸುರಕ್ಷತಾ ಅಪ್‌ಡೇಟ್ ಕೊಟ್ಟಿತ್ತು. ನನ್ನ ಕೈಗೆ ಆಂಡ್ರಾಯ್ಡ್ ಉಳೀತು: ವೈರ್ ಕಿವಿಗೆ, ಕಾರ್ಡಲ್ಲಿ ಹಾಡು, ಓದೋದು ದಪ್ಪಕ್ಷರದ್ದು ಮಾತ್ರ. ಮಗ, ಅಜ್ಜಿ ಟ್ಯಾಬಲ್ಲಿ ಗೇಮ್ ಚೆನ್ನಾಗಿ ಓಡುತ್ತೆ ಅಂತ ಪತ್ತೆ ಹಚ್ಚಿದಾನೆ. ಅಜ್ಜಿ ಪಾಸ್‌ವರ್ಡ್ ಹೇಳ್ತಿಲ್ಲ. ನನಗೂ ಹೇಳ್ತಿಲ್ಲ.

ಯಾವುದು ತಗೊಳ್ಲಿ ಅಂತ ಈಗ ಯಾರಾದ್ರೂ ಕೇಳಿದ್ರೆ ಹೆಸರು ಹೇಳೋದು ಬಿಟ್ಟಿದೀನಿ. ಮನೇಲಿ ಪಿಡಿಎಫ್ ಓದೋರು ಇದಾರಾ ಅಂತ ಕೇಳ್ತೀನಿ. ಇಲ್ಲ ಅಂದ್ರೆ ಅಗ್ಗದ್ದೇ ಸಾಕು, ಕಣ್ಣು ಮುಚ್ಚಿ ತಗೊಳ್ಳಿ, ಸಿಮ್ ಇರೋದೇ ತಗೊಳ್ಳಿ. ಇದಾರೆ ಅಂದ್ರೆ ಒಂದು ಕನ್ನಡ ಪುಟವನ್ನ ಪೆನ್‌ಡ್ರೈವ್‌ಗೋ ಮೇಲ್‌ಗೋ ಹಾಕ್ಕೊಂಡು ಅಂಗಡಿಗೆ ಹೋಗಿ, ಅಲ್ಲಿ ಪ್ರದರ್ಶನಕ್ಕೆ ಇಟ್ಟಿರೋದರಲ್ಲಿ ತೆಗೆಸಿ, 'ಧ' ಅಕ್ಷರಕ್ಕೆ ಸೀಳು ಇದೆಯಾ ನೋಡಿ. ಅಂಗಡಿಯವನು "ಹಿಗ್ಗಿಸಿ ನೋಡಿ ಸಾರ್" ಅಂತಾನೆ. ಹಿಗ್ಗಿಸಬೇಡಿ. ನಮ್ಮ ಅಮ್ಮನ ಪಂಚಾಂಗದ ಪುಟ ಬೇಕಿದ್ರೆ ಇನ್‌ಬಾಕ್ಸ್‌ಗೆ ಬನ್ನಿ, ಕಳಿಸ್ತೀನಿ.