ನಾಯಿಗೆ ಚಾಕಲೇಟ್ ಬೇಡ, ಸರಿ. ಬಸ್ಸಾರು?

ಸಾಕಿದ ನಾಯಿ-ಬೆಕ್ಕಿಗೆ ಏನೇನು ಕೊಡಬಾರದು ಅಂತ ವಾಟ್ಸಾಪಿನಲ್ಲಿ ಓಡಾಡುವ ಪಟ್ಟಿಗಳನ್ನು ನೋಡಿರ್ತೀರಿ. ಮೊದಲು ಚಾಕಲೇಟ್, ಆಮೇಲೆ ಆವಕಾಡೊ, ಅದಾದ ಮೇಲೆ ಮೆಕಡೇಮಿಯ ಅನ್ನೋ ಬೀಜ. ಮಂಡ್ಯದ ಯಾರ ಮನೆ ಡಬ್ಬದಲ್ಲಿ ಮೆಕಡೇಮಿಯ ಇದೆ ಸ್ವಾಮಿ? ಪಟ್ಟಿ ಸುಳ್ಳಲ್ಲ, ಆದರೆ ಇನ್ಯಾರದೋ ಅಡುಗೆಮನೆ ನೋಡಿಕೊಂಡು ಬರೆದದ್ದು. ಮೈಸೂರು-ಮಂಡ್ಯದ ಕಡೆ ನಾಯಿ ತಟ್ಟೆಗೆ ಬೀಳೋದು ಮುದ್ದೆ, ಅದರ ಮೇಲೆ ಬಸ್ಸಾರು.

ಮುದ್ದೆಯದೇನೂ ತಕರಾರಿಲ್ಲ. ತಕರಾರು ಸಾರಿನದು. ಬಸ್ಸಾರಿನ ಖಾರಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಹುಣಸೆಹಣ್ಣು ಹಾಕಿ ರುಬ್ಬುತ್ತೀವಿ. ಈರುಳ್ಳಿ-ಬೆಳ್ಳುಳ್ಳಿಯಲ್ಲಿರುವ ಗಂಧಕದ ಅಂಶ ನಾಯಿ-ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತೆ. ಬೇಯಿಸಿದರೂ ಹೋಗಲ್ಲ, ಹುರಿದರೂ ಹೋಗಲ್ಲ. ‘ಚೂರು ಆರಿಸಿ ತೆಗೆದೇ ಹಾಕ್ತೀವಿ’ ಅನ್ನುತ್ತಾರೆ. ರುಬ್ಬಿ ಕುದಿಸಿದ ಮೇಲೆ ಆರಿಸೋದಾದರೂ ಏನನ್ನು? ಬೆಕ್ಕಿನ ತೂಕದ ಪ್ರತಿ ಕೆಜಿಗೆ ಸುಮಾರು 5 ಗ್ರಾಂ ಈರುಳ್ಳಿ ಹೋದರೆ ರಕ್ತದಲ್ಲಿ ವ್ಯತ್ಯಾಸ ಶುರು. 4 ಕೆಜಿ ಬೆಕ್ಕಿಗೆ 20 ಗ್ರಾಂ, ಅಂದರೆ ಒಂದು ಸಾಧಾರಣ ಈರುಳ್ಳಿಯ ಕಾಲು ಭಾಗವೂ ಬೇಕಾಗಿಲ್ಲ. ನಾಯಿಗೆ ಕೆಜಿಗೆ 15ರಿಂದ 30 ಗ್ರಾಂ. ತೂಕಕ್ಕೆ ತೂಕ ನೋಡಿದರೆ ಬೆಳ್ಳುಳ್ಳಿ ಇನ್ನೂ ಮೂರರಿಂದ ಐದು ಪಟ್ಟು ಜೋರು.

ದೊಡ್ಡ ನಾಯಿ ಒಂದು ದಿನ ಒಂದು ಸೌಟು ಸಾರು ತಿಂದರೆ ಸಾಯಲ್ಲ, ಆ ಗಾಬರಿ ಬೇಡ. ದಿನಾ ಸ್ವಲ್ಪ ಸ್ವಲ್ಪ ಹೋದರೂ ಕಣಗಳು ಒಡೆಯುತ್ತಲೇ ಇರುತ್ತವೆ, ಅದೇ ಸಮಸ್ಯೆ. ಜೊತೆಗೆ ಲಕ್ಷಣ ಕಾಣಿಸೋದು ಮೂರರಿಂದ ಐದು ದಿನ ಬಿಟ್ಟು: ಮಂಕು, ಬಿಳಿಚಿದ ಒಸಡು, ಏದುಸಿರು, ಕಾಫಿ ಬಣ್ಣದ ಮೂತ್ರ. ಅಷ್ಟರಲ್ಲಿ ಭಾನುವಾರದ ಬಾಡೂಟದ ಗೊಜ್ಜು ಯಾರಿಗೂ ನೆನಪಿರಲ್ಲ, ‘ಹುಳ ಆಗಿರಬೇಕು’ ಅಂತ ಜಂತುಹುಳದ ಮಾತ್ರೆ ಹಾಕುತ್ತಾರೆ.

ಹುಣಸೆಹಣ್ಣಿನ ವಿಚಾರ ತೀರಾ ಹೊಸದು. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಕಿಡ್ನಿ ಕೈಕೊಡುತ್ತೆ ಅನ್ನೋದು ಹಳೇ ಸಂಗತಿ, ಕಾರಣ ಮಾತ್ರ ಗೊತ್ತಿರಲಿಲ್ಲ. ಟಾರ್ಟಾರಿಕ್ ಆಮ್ಲವೇ ಇರಬೇಕು ಅಂತ ಅಮೆರಿಕದ ಪಶುವಿಷ ತಜ್ಞರು 2021ರಲ್ಲಿ ಬರೆದರು. ಆ ಆಮ್ಲ ಹೇರಳವಾಗಿರೋದು ಎಲ್ಲಿ? ನಮ್ಮ ಹುಣಸೆಯಲ್ಲಿ. ಹುಣಸೆಹಣ್ಣು ತಿಂದ ನಾಯಿಗಳಿಗೂ ಅದೇ ಥರ ಕಿಡ್ನಿ ಹೋದ ಪ್ರಕರಣಗಳು ಆಮೇಲೆ ವರದಿಯಾದವು. ತಿಳಿಸಾರಿನ ನಾಲ್ಕು ಹನಿಗೆ ಹೆದರಬೇಕಾಗಿಲ್ಲ. ಆದರೆ ಹಿತ್ತಲಲ್ಲಿ ಒಣಹಾಕಿದ ಹುಣಸೆ, ಪುಳಿಯೋಗರೆ ಗೊಜ್ಜಿನ ಬಾಣಲೆ, ಕೇಸರಿಬಾತಿಗೆ ಅಂತ ತಂದಿಟ್ಟ ಒಣದ್ರಾಕ್ಷಿ ಪೊಟ್ಟಣ ಇವೆಲ್ಲ ನಾಯಿಗೆ ಎಟುಕಬಾರದು. ಎಷ್ಟು ತಿಂದರೆ ಅಪಾಯ ಅನ್ನೋದು ಹಣ್ಣಿನಿಂದ ಹಣ್ಣಿಗೆ, ನಾಯಿಯಿಂದ ನಾಯಿಗೆ ಬದಲಾಗೋದರಿಂದ ‘ಎರಡೇ ಎರಡು ಕೊಟ್ಟೆ’ ಅನ್ನೋ ಲೆಕ್ಕ ನಡೆಯಲ್ಲ. ತಿಂದ ದಿನವೇ ವಾಂತಿ, ಎರಡು-ಮೂರು ದಿನದಲ್ಲಿ ಮೂತ್ರ ಕಮ್ಮಿ.

ಹಾಗಾದರೆ ಮನೆ ಊಟವೇ ಬೇಡವಾ? ಬೇಕು. ಬಸ್ಸಾರಿಗೆ ಕಾಳು-ಸೊಪ್ಪು ಬೇಯಿಸುವಾಗ ಉಪ್ಪು ಹಾಕೋ ಮುಂಚೆ ನಾಯಿ ಪಾಲು ತೆಗೆದಿಡಿ. ಮಟನ್ ಆದರೆ ನಾಲ್ಕು ತುಂಡನ್ನು ಚಿಟಿಕೆ ಅರಿಶಿನ ಹಾಕಿ ಬೇರೆ ಪಾತ್ರೆಯಲ್ಲಿ ಬೇಯಿಸಿ, ಮೂಳೆ ಬಿಡಿಸಿ, ಆ ನೀರನ್ನೇ ಮುದ್ದೆಗೆ ಕಲಸಿ. ಬೇಯಿಸಿದ ಮೂಳೆ ಸೀಳಿ ಚೂಪಾಗುತ್ತೆ, ಕೋಳಿಯದಂತೂ ಖಂಡಿತ ಬೇಡ. ಬೆಕ್ಕಿಗೆ ಬರೀ ಹಾಲು-ಅನ್ನ ಸಾಕಾಗಲ್ಲ; ಮುಖ್ಯವಾಗಿ ಮಾಂಸ-ಮೀನಿನಲ್ಲಿ ಸಿಗುವ ಟಾರಿನ್ ಅನ್ನೋ ಪೋಷಕಾಂಶ ಇಲ್ಲದಿದ್ದರೆ ಅದರ ಕಣ್ಣು, ಹೃದಯ ಎರಡೂ ಕೆಡುತ್ತವೆ.

ಚಾಕಲೇಟ್ ಲೆಕ್ಕ ಚುಟುಕಾಗಿ: 10 ಕೆಜಿ ನಾಯಿಗೆ 100 ಗ್ರಾಂ ಹಾಲಿನ ಚಾಕಲೇಟಿನಿಂದ ವಾಂತಿ-ಭೇದಿ, ಅಷ್ಟೇ ಡಾರ್ಕ್ ಚಾಕಲೇಟಾದರೆ ಎದೆಬಡಿತ ಹದ ತಪ್ಪುವ ಮಟ್ಟ. ಅದಕ್ಕಿಂತ ಕೆಟ್ಟದ್ದು ಸಕ್ಕರೆರಹಿತ ಚೂಯಿಂಗ್ ಗಮ್. ಪ್ಯಾಕೆಟ್ಟಿನ ಹಿಂದೆ ಜೈಲಿಟಾಲ್ (ಸಕ್ಕರೆ ಬದಲಿಗೆ ಹಾಕುವ ಸಿಹಿ) ಅಥವಾ ಇ967 ಅಂತಿದ್ದರೆ, ಕೆಜಿಗೆ 0.1 ಗ್ರಾಂ ಹೋದರೂ ಅರ್ಧ-ಮುಕ್ಕಾಲು ಗಂಟೆಯಲ್ಲಿ ನಾಯಿಯ ರಕ್ತದ ಸಕ್ಕರೆ ಕುಸಿದುಬಿಡುತ್ತೆ.

ಇಷ್ಟೆಲ್ಲಕ್ಕಿಂತ ನನಗೆ ಸಿಟ್ಟು ಬರಿಸೋದು ಮಾತ್ರೆ ಡಬ್ಬಿ. ಕಿವಿ ಮುಟ್ಟಿ ನೋಡಿ ‘ಜ್ವರ’ ಅಂತ ತೀರ್ಮಾನಿಸಿ ಕಾಲು ಡೋಲೋ ನುಂಗಿಸುವ ಚಟ. ನಾಯಿ-ಬೆಕ್ಕಿನ ಮೈಬಿಸಿ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವಾಗಲೂ ಬೆಚ್ಚಗೇ. ಪ್ಯಾರಾಸಿಟಮಾಲನ್ನು ಕರಗಿಸಿ ಹೊರಹಾಕುವ ವ್ಯವಸ್ಥೆ ಬೆಕ್ಕಿನ ಲಿವರ್‌ನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕೆಜಿಗೆ 10 ಮಿಲಿಗ್ರಾಂಗೇ ವಿಷವೇರಿದ್ದುಂಟು. ಕಾಲು ಡೋಲೋ 650 ಅಂದರೆ 160 ಮಿಲಿಗ್ರಾಂ ಚಿಲ್ಲರೆ, 4 ಕೆಜಿ ಬೆಕ್ಕಿಗೆ ಅದರ ನಾಲ್ಕು ಪಟ್ಟು. ಒಸಡು ಕಂದು ಬಣ್ಣಕ್ಕೆ ತಿರುಗುತ್ತೆ, ಮುಖ-ಪಾದ ಊದಿಕೊಳ್ಳುತ್ತೆ. ಪ್ರತಿವಿಷ ಇದೆ, ಅಸಿಟೈಲ್‌ಸಿಸ್ಟೀನ್; ಬೇಗ ಹೋದರೆ ಮಾತ್ರ ಉಪಯೋಗ. ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಗೂ ಬೇಡ, ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು.

ಬೆಕ್ಕಿನ ಇದೇ ದೌರ್ಬಲ್ಯಕ್ಕೆ ಫಿನೈಲ್ ಕೂಡ ಸೇರುತ್ತೆ. ಅದು ಫಿನೈಲ್ ಕುಡಿಯಲ್ಲ. ಒದ್ದೆ ನೆಲದ ಮೇಲೆ ನಡೆದು, ಮೂಲೆಯಲ್ಲಿ ಕೂತು ಪಾದ ನೆಕ್ಕುತ್ತೆ. ನೆಲ ಒರೆಸಿದ ಮೇಲೆ ಬರೀ ನೀರಿನಲ್ಲಿ ಇನ್ನೊಂದು ಸಲ ಒರೆಸಿ, ಒಣಗಿದ ಮೇಲೆ ಒಳಗೆ ಬಿಡಿ. ನಾಲಿಗೆ ಹುಣ್ಣಾಗಿ ಜೊಲ್ಲು ಸುರಿಸುತ್ತಾ ಊಟ ಬಿಟ್ಟ ಬೆಕ್ಕಿಗೆ ಎಷ್ಟೋ ಸಲ ಕಾರಣ ನೆಲ ಒರೆಸುವ ದ್ರಾವಣವೇ. ನಾಯಿಯ ಉಣ್ಣೆಗೆ ಅಂತ ಬೆನ್ನಿಗೆ ಹಚ್ಚುವ ಪರ್ಮೆಥ್ರಿನ್ ಹನಿ ಬೆಕ್ಕಿಗೆ ತಾಗಿದರೆ ಮೈ ನಡುಗಿ ಫಿಟ್ಸ್ ಬರುತ್ತೆ. ತಕ್ಷಣ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು ಆಸ್ಪತ್ರೆಗೆ ಹೊರಡಿ. ಪೂಜಾ ಕೋಣೆಯ ಕರ್ಪೂರ, ಬೀರುವಿನ ನುಸಿಗುಳಿಗೆ, ಹೂಗುಚ್ಛದಲ್ಲಿ ಬರುವ ಲಿಲ್ಲಿ ಕೂಡ ಲೆಕ್ಕಕ್ಕೆ ಹಿಡಿಯಿರಿ. ಲಿಲ್ಲಿಯ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಬೆಕ್ಕಿನ ಕಿಡ್ನಿ ಉಳಿಯೋದು ಕಷ್ಟ.

ವಿಷವಲ್ಲದ್ದೂ ಕೊಲ್ಲುತ್ತೆ. ತಿಂದೆಸೆದ ಮುಸುಕಿನ ಜೋಳದ ದಿಂಡು, ಮಾವಿನ ಓಟೆ ನಾಯಿಯ ಕರುಳಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ದೇವರ ಪಟದಿಂದ ತೆಗೆದ ಮಲ್ಲಿಗೆ ಹಾರದ ದಾರವನ್ನು ಬೆಕ್ಕು ಆಡ್ತಾ ಆಡ್ತಾ ನುಂಗುತ್ತೆ. ಬಾಯಲ್ಲೋ ಹಿಂದುಗಡೆಯೋ ತುದಿ ಕಂಡರೆ ಎಳೆಯಬೇಡಿ. ಒಳಗೆ ಕರುಳು ಆ ದಾರದ ಮೇಲೆ ನೆರಿಗೆಗಟ್ಟಿರುತ್ತೆ, ಎಳೆದರೆ ಕೊಯ್ದುಕೊಂಡು ಬರುತ್ತೆ.

ಇನ್ನು ಗದ್ದೆ, ತೋಟ. ಇಲಿ ಪಾಷಾಣ ಅಂತ ಒಂದೇ ಹೆಸರಿನಲ್ಲಿ ಕರೆಯೋದರಿಂದಲೇ ಅರ್ಧ ಅನಾಹುತ. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ನಾಯಿ ಎರಡು-ಮೂರು ದಿನ ಚೆನ್ನಾಗೇ ಇರುತ್ತೆ, ಆಮೇಲೆ ಒಳಗೆ ರಕ್ತ ಸೋರುತ್ತೆ. ವಿಟಮಿನ್ ಕೆ1 ಮೂರ್ನಾಲ್ಕು ವಾರ ಕೊಟ್ಟರೆ ಉಳಿಯುತ್ತೆ. ನುಚ್ಚಕ್ಕಿಗೆ ಎಣ್ಣೆ ಜೊತೆ ಕಲಸಿಡುವ ಕಪ್ಪು ಪುಡಿ, ಜಿಂಕ್ ಫಾಸ್ಫೈಡ್, ಬೇರೆಯದೇ ಜಾತಿ. ಜಠರದ ಆಮ್ಲ ತಾಗಿದರೆ ಫಾಸ್ಫೀನ್ ಅನಿಲ ಏಳುತ್ತೆ, ಪ್ರತಿವಿಷ ಇಲ್ಲ. ‘ಪಾಪ, ಸ್ವಲ್ಪ ಮೊಸರನ್ನ ತಿನ್ನಿಸೋಣ’ ಅಂದರೆ ಆಮ್ಲ ಹೆಚ್ಚಾಗಿ ಅನಿಲವೂ ಹೆಚ್ಚುತ್ತೆ. ಪೈರಿನ ಬುಡಕ್ಕೆ ಹಾಕುವ ಕಾರ್ಬೊಫ್ಯೂರಾನ್, 2020ರವರೆಗೆ ಹಾಕುತ್ತಿದ್ದ ಫೋರೇಟ್‌ನಂಥ ಗುಳಿಗೆ ಮದ್ದಿನಿಂದ ಜೊಲ್ಲು, ಕಣ್ಣೀರು, ಭೇದಿ, ನಡುಕ. ಅದಕ್ಕೆ ಅಟ್ರೋಪಿನ್ ಅನ್ನೋ ಪ್ರತಿವಿಷ ಇದೆ. ಹೂವಿನ ಕುಂಡಕ್ಕೆ ಹಾಕುವ ಹರಳಿಂಡಿಯಲ್ಲಿ ಎಣ್ಣೆ ತೆಗೆದ ಮೇಲೂ ರೈಸಿನ್ ಅನ್ನೋ ವಿಷ ಉಳಿದಿರುತ್ತೆ, ಮೂಳೆ ಪುಡಿ ಜೊತೆ ಸೇರಿಸಿದರೆ ನಾಯಿ ಅಗೆದು ತಿನ್ನುತ್ತೆ. ನಾಯಿ ಇರುವ ಮನೆಯಲ್ಲಿ ಕೊಟ್ಟಿಗೆ ಗೊಬ್ಬರವೇ ಸಾಕು.

ತಿಂದಿದ್ದು ಗೊತ್ತಾದಾಗ ಮಾಡಬಾರದ್ದನ್ನು ಮೊದಲು ಹೇಳ್ತೀನಿ. ಉಪ್ಪುನೀರು ಕುಡಿಸಬೇಡಿ. 10 ಕೆಜಿ ನಾಯಿಗೆ ಎರಡು ದೊಡ್ಡ ಚಮಚ ಉಪ್ಪು ಅಂದರೆ ಕೆಜಿಗೆ 3 ಗ್ರಾಂ ದಾಟುತ್ತೆ. 2 ಗ್ರಾಂಗೇ ವಿಷದ ಲಕ್ಷಣ, 4ಕ್ಕೆ ಸಾವು. ಹುಣಸೆನೀರು, ಸೋಪುನೀರು, ಎಣ್ಣೆ, ತುಪ್ಪವೂ ಬೇಡ, ಶ್ವಾಸಕೋಶಕ್ಕೆ ಹೋದರೆ ಅದೇ ಇನ್ನೊಂದು ಕಾಯಿಲೆ. ಹೈಡ್ರೋಜನ್ ಪೆರಾಕ್ಸೈಡಿನಿಂದ ವಾಂತಿ ಮಾಡಿಸೋದು ಡಾಕ್ಟರು ಫೋನಿನಲ್ಲಿ ಹೇಳಿದರೆ ಮಾತ್ರ, ನಾಯಿಗೆ ಮಾತ್ರ, ಶೇ. 3ರದು, ಕೆಜಿಗೆ 1 ಮಿಲಿ. ನಮ್ಮ ಮೆಡಿಕಲ್ ಸ್ಟೋರಿನಲ್ಲಿ ಸಿಗೋದು ಸಾಮಾನ್ಯವಾಗಿ 20 ವಾಲ್ಯೂಮ್, ಅಂದರೆ ಶೇ. 6, ಸಮ ನೀರು ಬೆರೆಸದೆ ಹಾಕಿದರೆ ಗಂಟಲು ಸುಡುತ್ತೆ. ಆಸಿಡ್, ಸೀಮೆಎಣ್ಣೆ, ಕರ್ಪೂರ ತಿಂದಿದ್ದರೆ, ಪ್ರಜ್ಞೆ ಇಲ್ಲದಿದ್ದರೆ ವಾಂತಿ ಮಾಡಿಸಲೇಬಾರದು.

ಭಾನುವಾರ ಸಂಜೆ ಬಹಳಷ್ಟು ಕ್ಲಿನಿಕ್ ಮುಚ್ಚಿರುತ್ತವೆ, ಆದ್ದರಿಂದ ಆಗಲೂ ತೆರೆದಿರುವ ಎರಡು ಪಶು ಆಸ್ಪತ್ರೆಯ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ಹಳ್ಳಿ ಕಡೆಯವರು ಪಶುಪಾಲನಾ ಇಲಾಖೆಯ 1962ಕ್ಕೆ ಫೋನ್ ಮಾಡಿ ಕೇಳಬಹುದು. ಹೊರಡುವ ಮುಂಚೆ ಫೋನಿನಲ್ಲಿ ಮೂರು ಸಂಗತಿ ಹೇಳಿ: ಏನು ತಿಂತು, ಎಷ್ಟು ಹೊತ್ತಾಯ್ತು, ತೂಕ ಎಷ್ಟು. ಮಾತ್ರೆ ಪಟ್ಟಿಯೋ ಪಾಷಾಣದ ಪ್ಯಾಕೆಟ್ಟೋ ಕೈಯಲ್ಲಿರಲಿ. ವಾಂತಿಯನ್ನು ಕವರಿನಲ್ಲಿ ಕಟ್ಟಿಕೊಂಡು ಹೋದರೆ ಡಾಕ್ಟರಿಗೆ ಅನುಕೂಲ, ಆದರೆ ಜಿಂಕ್ ಫಾಸ್ಫೈಡ್ ಅನುಮಾನವಿದ್ದರೆ ಫೋಟೋ ಸಾಕು. ಆ ಅನಿಲ ಮನುಷ್ಯರಿಗೂ ವಿಷ, ಕಾರಿನ ಕಿಟಕಿ ತೆಗೆದೇ ಹೋಗಿ.