ಜುಲೈನಲ್ಲಿ ಮಾತ್ರ ಕಣ್ಣು ಬಿಟ್ಟರೆ

ತೆರಿಗೆ ಎಂದೊಡನೆ ಹೊಟ್ಟೆ ಉರಿಯುವುದಕ್ಕೆ ದುರಾಸೆಯೊಂದೇ ಕಾರಣವಲ್ಲ. ವರ್ಷವಿಡೀ ಆ ಕಡೆ ತಿರುಗಿಯೂ ನೋಡದೆ ಜುಲೈ ಕೊನೆಯ ವಾರ ರಿಟರ್ನ್ಸ್ ತುಂಬಲು ಕೂತಾಗ ‘ಬಾಕಿ ತೆರಿಗೆ’ ಅಂತ ಒಂದು ಅಂಕಿ ಎದುರಾಗುತ್ತದಲ್ಲ, ಸಿಟ್ಟು ಹುಟ್ಟುವುದು ಅಲ್ಲಿ. ಮೈಂಡ್‌ಫುಲ್‌ನೆಸ್ (ಸಾವಧಾನ) ಎಂದು ಇಂದು ಎಲ್ಲೆಡೆ ಕೇಳಿಬರುವ ಮಾತಿನ ಮೂಲ ಪಾಲಿ ಭಾಷೆಯ ‘ಸತಿ’. ಅದಕ್ಕೆ ನೆನಪು ಎಂಬ ಅರ್ಥವೂ ಇದೆ. ಮರೆವಿನಿಂದಲೇ ಸಿಟ್ಟು ಹುಟ್ಟಿಸುವ ತೆರಿಗೆಯ ವಿಚಾರಕ್ಕೆ ನನಗೆ ಈ ಅರ್ಥವೇ ಹೆಚ್ಚು ಒಪ್ಪುತ್ತದೆ.

ಲೆಕ್ಕ ಹಾಕಿ ನೋಡಿ. 10 ಲಕ್ಷ ರೂಪಾಯಿ ಎಫ್‌ಡಿಗೆ ಶೇ 7ರಂತೆ ವರ್ಷಕ್ಕೆ 70,000 ಬಡ್ಡಿ. ಬ್ಯಾಂಕ್ ಮೊದಲೇ ಹಿಡಿದುಕೊಳ್ಳುವ ತೆರಿಗೆ, ಅಂದರೆ ಟಿಡಿಎಸ್, ಶೇ 10, ಅಂದರೆ 7,000. ಶೇ 30ರ ಸ್ಲ್ಯಾಬಿನಲ್ಲಿರುವ ಸಂಬಳದಾರರಿಗೆ ಶೇ 4 ಸೆಸ್ (ತೆರಿಗೆಯ ಮೇಲಿನ ಹೆಚ್ಚುವರಿ ತೆರಿಗೆ) ಸೇರಿ ಬೀಳುವ ತೆರಿಗೆ 21,840. ಮಿಕ್ಕ 14,840 ಯಾರೂ ಹಿಡಿದಿಲ್ಲ. ‘ಬ್ಯಾಂಕಿನವರು ಕಟ್ ಮಾಡಿದ್ದಾರಲ್ಲ’ ಎಂದುಕೊಂಡು ನಾವೂ ಮರೆತಿರುತ್ತೇವೆ. ಸಂಬಳದಿಂದ ಇದರ ಎಷ್ಟೋ ಪಟ್ಟು ಹೋದಾಗ ಸುಮ್ಮನಿದ್ದ ಮನಸ್ಸು ಈ ಮೊತ್ತಕ್ಕೆ ಕುದಿಯುತ್ತದೆ, ಏಕೆಂದರೆ ಇದು ಕೈಗೆ ಬಂದು ಆಮೇಲೆ ಹೋಗುವ ಹಣ. ಬರುವುದರ ಖುಷಿಗಿಂತ ಕಳೆದುಕೊಳ್ಳುವ ನೋವು ದೊಡ್ಡದೆಂದು ಮನಃಶಾಸ್ತ್ರಜ್ಞರಾದ ಕಾನ್‌ಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ತೋರಿಸಿದ್ದರು.

ಎಡವಟ್ಟಾಗುವುದು ಆ ಕುದಿತದ ಹತ್ತು ನಿಮಿಷದಲ್ಲಿ. ವಿನಾಯಿತಿಗಳಿರುವ ಹಳೆ ತೆರಿಗೆ ಪದ್ಧತಿ ಆರಿಸಿ ಕಟ್ಟದ ಬಾಡಿಗೆ, ಕೊಡದ ರಾಜಕೀಯ ದೇಣಿಗೆ ತೋರಿಸುತ್ತಾರೆ. ಇಲ್ಲವೇ ರಿಫಂಡಿನಲ್ಲಿ ಪರ್ಸೆಂಟೇಜ್ ಕೇಳುವವರ ಕೈಗೆ ಪಾಸ್‌ವರ್ಡ್ ಕೊಟ್ಟುಬಿಡುತ್ತಾರೆ. ಇಂಥ ಸುಳ್ಳು ಕ್ಲೇಮುಗಳ ಜಾಡು ಹಿಡಿದು ಆದಾಯ ತೆರಿಗೆ ಇಲಾಖೆ 2025ರ ಜುಲೈನಲ್ಲಿ ದೇಶದ 150 ಕಡೆ ಪರಿಶೀಲನೆ ನಡೆಸಿತು. ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಮೇಲೆ ಶೇ 200ರಷ್ಟು ದಂಡ, ತೆರಿಗೆ ಮತ್ತು ಬಡ್ಡಿ ಬೇರೆ.

ಆದ್ದರಿಂದ ಬಾಕಿ ಕಂಡ ದಿನ ಸಲ್ಲಿಸಬೇಡಿ. ಡ್ರಾಫ್ಟ್ ಉಳಿಸಿ, ಮಲಗಿ ಏಳಿ. ಬೆಳಿಗ್ಗೆ ಫಾರಂ 16 (ಆಫೀಸು ಕೊಡುವ ಟಿಡಿಎಸ್ ಪತ್ರ), 26ಎಎಸ್ (ನಿಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ), ಎಐಎಸ್ (ಇಲಾಖೆಯ ಬಳಿಯಿರುವ ನಿಮ್ಮ ಆದಾಯ, ವಹಿವಾಟಿನ ವಿವರ) ಮೂರನ್ನೂ ಪಕ್ಕಪಕ್ಕ ಇಟ್ಟು ಆ ಬಾಕಿ ಯಾವ ಸಾಲಿನಿಂದ ಬಂತೆಂದು ಹುಡುಕಿ. ಕಾರಣ ಕಣ್ಣಿಗೆ ಬಿದ್ದ ಮೇಲೆ ಅರ್ಧ ಸಿಟ್ಟು ಇಳಿಯುತ್ತದೆ. ಮುಂದಿನ ವರ್ಷ ಬಡ್ಡಿ ಆದಾಯವನ್ನು ಏಪ್ರಿಲ್‌ನಲ್ಲೇ ಆಫೀಸಿನ ಪೇರೋಲ್‌ನವರಿಗೆ ತಿಳಿಸಿ, ಸಂಬಳದಲ್ಲೇ ಹಿಡಿದುಕೊಳ್ಳುತ್ತಾರೆ. ಅದಾಗದಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಿ. ಟಿಡಿಎಸ್ ಕಳೆದು 10,000 ಅಥವಾ ಹೆಚ್ಚು ಉಳಿದರೆ ಇದು ಕಡ್ಡಾಯ. ತಪ್ಪಿದರೆ ತಿಂಗಳಿಗೆ ಶೇ 1 ಬಡ್ಡಿ. (60 ದಾಟಿದ, ವ್ಯಾಪಾರ–ವೃತ್ತಿಯ ಆದಾಯವಿಲ್ಲದ ಹಿರಿಯರಿಗೆ ಮುಂಗಡ ತೆರಿಗೆ ಇಲ್ಲ.)

ಹಾಗಂತ ಸಾವಧಾನ ಎಂದರೆ ಬಾಯಿ ಮುಚ್ಚಿಕೊಂಡು ಕಟ್ಟುವುದಲ್ಲ. ‘ರಸ್ತೆ ಗುಂಡಿ ಮುಚ್ಚದವರಿಗೆ ಯಾಕೆ ಕಟ್ಟಬೇಕು’ ಎಂಬ ಮಾತಿನಲ್ಲಿ ಎರಡು ಸಿಟ್ಟು ಕಲಸಿಹೋಗಿವೆ. ವಾರ್ಡಿನ ಬೀದಿ ಪಾಲಿಕೆಯದು, ನಾವು ಅಲ್ಲಿಗೆ ಕಟ್ಟುವುದು ಆಸ್ತಿ ತೆರಿಗೆ. ಆದಾಯ ತೆರಿಗೆ ಹೋಗುವುದು ಕೇಂದ್ರಕ್ಕೆ. ಕೇಂದ್ರದ ತೆರಿಗೆ ರಾಜ್ಯಗಳಿಗೆ ಎಷ್ಟು ಹೋಗಬೇಕೆಂದು ಹೇಳುವ 15ನೇ ಹಣಕಾಸು ಆಯೋಗ 2021–26ಕ್ಕೆ ಹಂಚಿಕೆಯ ತೆರಿಗೆಯಲ್ಲಿ ಶೇ 41 ರಾಜ್ಯಗಳಿಗೆಂದು ಇಟ್ಟಿತು. ಅದರೊಳಗೆ ಕರ್ನಾಟಕದ ಪಾಲು ಹಿಂದಿನ ಆಯೋಗದ ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ನಾವು ಕಟ್ಟುವ ಶೇ 4 ಸೆಸ್ ಆ ಹಂಚಿಕೆಗೆ ಬರುವುದೇ ಇಲ್ಲ. ಹಂಚಿಕೆಯ ಮೇಲಿನ ಈ ಸಿಟ್ಟು ನ್ಯಾಯವಾದದ್ದು. ಸುಳ್ಳು ಬಾಡಿಗೆ ರಸೀದಿ ಬರೆಯುವ ಬದಲು ನಿಮ್ಮ ಸಂಸದರಿಗೊಂದು ಪತ್ರ ಬರೆಯಿರಿ, ಈ ಅಂಕಿಗಳನ್ನು ಅದರಲ್ಲಿ ಹಾಕಿ.